ಗಿರಣಿಯಲ್ಲಿ ಚಳಿಗಾಲ ಕಳೆದ ಗಾಡಿ

ಭಾಲ್ಕಿಯಲ್ಲಿ ಮಾಣಿಕಪ್ಪ ಎಂಬ ಮೋಟಾರ್‌ಸೈಕಲ್ ಮೇಸ್ತ್ರಿ ಇದ್ದ. ಕೆಲಸದಲ್ಲಿ ಬಹಳ ಶಿಸ್ತು. ಮಾತು ಮಾತ್ರ ಖಡಕ್ಕು. ಅವನಿಗೊಂದು ದಮ್ಮಿನ ಕಾಯಿಲೆ. ಚಳಿ ಬಿತ್ತೆಂದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಡಾಕ್ಟರು ಬೈದ ಮೇಲೆ, ಆ ವರ್ಷ ದೀಪಾವಳಿ ಮುಗಿಸಿ ರಾಯಚೂರಿನ ಬಿಸಿಲಿಗೆ, ಮಗಳ ಮನೆಗೆ ಹೊರಟ.

ಅವನ ಸ್ವಂತದ ಹಳೆಯ ಗಾಡಿಯನ್ನು ಎಲ್ಲಿ ಬಿಡುವುದು? ಪಕ್ಕದಲ್ಲೇ ಸುಗಲಾಬಾಯಿಯ ಹಿಟ್ಟಿನ ಗಿರಣಿ. ಒಂಟಿ ಹೆಂಗಸು, ಗಿರಣಿಯನ್ನು ತಾನೇ ನಡೆಸುತ್ತಿದ್ದಳು. "ಒಳಗ ಮೂಲ್ಯಾಗ ನಿಂದ್ರಸ್ರಿ ಅಣ್ಣಾ, ಇಬ್ಬನಿ ಬೀಳಂಗಿಲ್ಲ" ಎಂದಳು. ಮಾಣಿಕಪ್ಪ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿ, ಬ್ಯಾಟರಿ ಬಿಚ್ಚಿಟ್ಟು, ಗಾಡಿಯನ್ನು ಮೂಲೆಗೆ ನಿಲ್ಲಿಸಿ ರಾಯಚೂರಿಗೆ ಹೋದ. ತನ್ನ ಕಡೆಯಿಂದ ಒಂದು ತಪ್ಪೂ ಉಳಿಯದ ಹಾಗೆ ನೋಡಿಕೊಂಡಿದ್ದ.

ಶಿವರಾತ್ರಿ ಕಳೆದ ಮೇಲೆ ಮರಳಿ ಬಂದ. ಗಾಡಿ ಮೂಲೆಯಲ್ಲಿರಲಿಲ್ಲ, ಬಾಗಿಲ ಬಳಿಯ ಗೋಡೆಗೆ ಬಂದಿತ್ತು. ಮಾಣಿಕಪ್ಪನ ಹುಬ್ಬು ಗಂಟಿಕ್ಕಿತು. ಬ್ಯಾಟರಿ ಕೂಡಿಸಿ, ಹೊಸ ಪೆಟ್ರೋಲ್ ಸುರಿದ. ಸುಗಲಾಬಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಅಣ್ಣಾ, ಚಾಲೂ ಮಾಡೂ ಮುಂಚೆ ಒಂದ್ ಮಾತ್..."

ಅಷ್ಟರಲ್ಲಿ ಅವನು ಕಿಕ್ ಹೊಡೆದಾಗಿತ್ತು. ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ಆದರೆ ತುಸು ಬಿಸಿಯಾಗುತ್ತಲೇ ಕೆಮ್ಮತೊಡಗಿತು. ರೇಸ್ ಬಿಟ್ಟರೆ ಬಂದ್. ಮತ್ತೆ ಹೊಡೆದ. ಮತ್ತೆ ಬಂದ್. ಸೈಲೆನ್ಸರಿನಿಂದ ಕಪ್ಪು ಹೊಗೆ.

"ನಿಮ್ಮ ದಮ್ಮು ಅದಕ್ಕೂ ಅಂಟ್ಯಾದೇನು?" ಎಂದು ಸುಗಲಾಬಾಯಿ ನಕ್ಕಳು.

ಮಾಣಿಕಪ್ಪ ನಗಲಿಲ್ಲ. "ಇದಕ್ಕ ಯಾರ್ ಕೈ ಹಚ್ಯಾರ?"

"ನನ್ನ ತಮ್ಮ ಬಂದಿದ್ದ, ಒಂದೀಟು ಸರಿಸ್ಯಾನ. ಯಾಕಂದ್ರ..."

"ತಿಳೀತು. ಊರೆಲ್ಲಾ ತಿರಗ್ಯಾನ, ಕೆಡಿಸ್ಯಾನ, ತಂದು ನಿಂದ್ರಿಸ್ಯಾನ."

"ಪೂರಾ ಕೇಳ್ರಿ..."

"ಕೇಳೂದೇನದ ಬಾಯಿ? ನಂಬಿ ಬಿಟ್ಟು ಹೋಗಿದ್ದೆ. ಇನ್ನ ಸಾಕು."

ಸುಗಲಾಬಾಯಿ "ಆಯ್ತು" ಎಂದಷ್ಟೇ ಹೇಳಿ ಒಳಗೆ ಹೋದಳು. ಗಿರಣಿಯ ಪಟ್ಟಾ ತಿರುಗತೊಡಗಿತು. ಇಷ್ಟು ವರ್ಷಗಳಲ್ಲಿ ಅವರಿಬ್ಬರ ನಡುವೆ ಒಂದು ಬಿರುಸು ಮಾತು ಬಂದಿರಲಿಲ್ಲ.

ಮಾಣಿಕಪ್ಪ ಗಾಡಿಯನ್ನು ತನ್ನ ಅಂಗಡಿಗೆ ತಳ್ಳಿಕೊಂಡು ಹೋದ. ಆ ಹುಡುಗ ಏನು ಕೆಡಿಸಿದ್ದಾನೆಂದು ಹಿಡಿದು ತೋರಿಸಿಯೇ ತೀರುವುದು ಎಂದು ಹಟ ತೊಟ್ಟ. ಒಂದನ್ನು ನೋಡಿ ಮುಗಿಸದೆ ಇನ್ನೊಂದಕ್ಕೆ ಕೈ ಹಾಕುವ ಮನುಷ್ಯ ಅವನಲ್ಲ. ಮೊದಲು ಕಾರ್ಬುರೇಟರ್ ಬಿಚ್ಚಿದ. ಕನ್ನಡಿಯಂತೆ ಸ್ವಚ್ಛ. ಅದರ ಸ್ಕ್ರೂ ಅವನು ಬಿಟ್ಟ ಜಾಗದಲ್ಲೇ ಇತ್ತು. ಯಾರೂ ಮುಟ್ಟಿರಲಿಲ್ಲ. ಕಿಲೋಮೀಟರ್ ಓದಿದ. ಒಂದು ಅಂಕಿಯೂ ಮುಂದೆ ಹೋಗಿರಲಿಲ್ಲ. ಅವನ ಸಿಟ್ಟಿಗೆ ಕಾಲಿಡಲು ಜಾಗ ಕಡಿಮೆಯಾಗುತ್ತಾ ಬಂತು.

ಪ್ಲಗ್ ಬಿಚ್ಚಿದ. ದೀಪದ ಕಾಡಿಗೆಯಂತೆ ಕಪ್ಪು ಮಸಿ. ಮಾಣಿಕಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಯೋಚಿಸಿದ. ತಣ್ಣಗಿದ್ದಾಗ ಸಲೀಸಾಗಿ ಏಳುತ್ತದೆ, ಬಿಸಿಯಾದರೆ ಕೆಮ್ಮಿ ಸಾಯುತ್ತದೆ, ಮಸಿ ಕಾರುತ್ತದೆ. ಗಾಳಿ ತಡೆಯುವ ಚೋಕ್ ಎಳೆದೇ ಓಡಿಸಿದರೆ ಹೀಗಾಗುತ್ತದೆ. ಆದರೆ ಚೋಕ್ ಬಿಟ್ಟೇ ಇದೆ. ಅಂದರೆ ಪೆಟ್ರೋಲ್ ಸರಿಯಾಗಿ ಬರುತ್ತಿದೆ, ಗಾಳಿ ಬರುತ್ತಿಲ್ಲ.

ಗಾಳಿಯ ದಾರಿ ಹಿಡಿದು ಹೋದ. ಪಕ್ಕದ ಮುಚ್ಚಳ ತಿರುಗಿಸಿ ತೆಗೆದ. ಫಿಲ್ಟರ್ ಡಬ್ಬಿ ಗಾಳಿ ಎಳೆದುಕೊಳ್ಳುವ ಬಾಯಿಗೆ, ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ, ನೂಲಿನಿಂದ ಬಿಗಿದು ಕಟ್ಟಲಾಗಿತ್ತು. ಆ ಕಟ್ಟು ಅವನಿಗೆ ಗೊತ್ತು. ಗಿರಣಿಯಲ್ಲಿ ಹಿಟ್ಟು ಹಾರದಿರಲೆಂದು, ಹಿಟ್ಟು ಬೀಳುವ ಬಾಯಿಗೆ ಸುಗಲಾಬಾಯಿ ಬಟ್ಟೆ ಕಟ್ಟುವುದು ಥೇಟ್ ಹೀಗೆಯೇ.

ಬಿಚ್ಚಿ ನೋಡಿದ. ಬಟ್ಟೆಯ ಹೊರಮೈಯಲ್ಲಿ ಜೋಳದ ಹಿಟ್ಟು ರೊಟ್ಟಿಯಷ್ಟು ದಪ್ಪ ಕುಳಿತಿತ್ತು. ಒಳಮೈ ತೊಳೆದಿಟ್ಟಂತೆ ಸ್ವಚ್ಛ.

ಮಾಣಿಕಪ್ಪ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಪೆಟ್ರೋಲ್ ನೆನಪಾಗಿತ್ತು, ಬ್ಯಾಟರಿ ನೆನಪಾಗಿತ್ತು. ಗಿರಣಿಯೆಂದರೆ ಹಿಟ್ಟು ಹಾರುತ್ತದೆ ಎಂಬುದು ಮಾತ್ರ ಇಷ್ಟು ವರ್ಷದ ಮೇಸ್ತ್ರಿಗೆ ಹೊಳೆದಿರಲಿಲ್ಲ. ಚಳಿಗಾಲವಿಡೀ ಆ ಹಿಟ್ಟು ಒಳಗೆ ಇಳಿದು ಎಣ್ಣೆಗೆ ಕಲೆತಿದ್ದರೆ ಇಂಜಿನ್ನಿನಲ್ಲಿ ಕಣಕ ಆಗಿರುತ್ತಿತ್ತು. ಅವನು ಹುಡುಕಿ ಹೊರಟದ್ದು ಗಾಡಿ ಕೆಡಿಸಿದವರನ್ನು. ಸಿಕ್ಕವಳು ಅದನ್ನು ಉಳಿಸಿದವಳು.

ಪ್ಲಗ್ ಉಜ್ಜಿ ಕೂಡಿಸಿದ. ಇಂಜಿನ್ ಎದ್ದು, ಬಿಸಿಯಾಗಿ, ರೇಸ್ ಬಿಟ್ಟರೂ ಒಂದೇ ಹದದಲ್ಲಿ ಮಿಡಿಯಿತು. ಅದರ ಮೇಲೆಯೇ ಗಿರಣಿಯ ತನಕ ಬಂದ. ಆ ಸದ್ದೆಂದರೆ ಅವನಿಗೆ ಪ್ರಾಣ. ಆದರೂ ಬಾಗಿಲಲ್ಲಿ ಕೀಲಿ ತಿರುಗಿಸಿ ಬಂದ್ ಮಾಡಿದ. ಬಟ್ಟೆ ಹಿಡಿದು ಒಳಗೆ ಹೋದ.

ಸುಗಲಾಬಾಯಿ ತಲೆ ಎತ್ತಲಿಲ್ಲ. "ಸಿಕ್ತೇನ್ರಿ ಕಳ್ಳ?"

"ತಪ್ಪಾಯ್ತು ಬಾಯಿ. ನನ್ನ ಗಾಡಿ ಉಳಿಸೀರಿ ನೀವು."

"ಅದನ್ನ ಬಿಚ್ಚಿ ಚಾಲೂ ಮಾಡ್ರಿ ಅಂತ ಹೇಳ್ಲಾಕೇ ಬಂದಿದ್ದೆ. ನೀವು ಮಾತ್ ಮುಗಸ್ಲಾಕ ಬಿಡ್ಲಿಲ್ಲ."

"ಈಗ ಹೇಳ್ರಿ."

"ಈಗೇನ್ ಹೇಳೂದದ? ನೋಡೀರಲ್ಲ."

"ಆದ್ರೂ ಹೇಳ್ರಿ. ಮೊದಲಿಂದ ಹೇಳ್ರಿ."

ಅವಳು ಗಿರಣಿ ನಿಲ್ಲಿಸಿದಳು. ಮಾಣಿಕಪ್ಪ ಜೋಳದ ಚೀಲದ ಮೇಲೆ ಕುಳಿತ. ಸೀರೆ ಯಾಕೆ ಹರಿದದ್ದು, ಅವನು ಫಿಲ್ಟರ್ ಊದುವುದನ್ನು ಬಾಗಿಲಲ್ಲಿ ನಿಂತು ನೋಡಿ ಗಾಡಿ ಎಲ್ಲಿಂದ ಉಸಿರಾಡುತ್ತದೆ ಎಂದು ಅರಿತದ್ದು, ಮೂಲೆಯಲ್ಲಿ ಹಿಟ್ಟು ಬಹಳ ಬೀಳುತ್ತದೆಂದು ತಮ್ಮನಿಂದ ಗಾಡಿ ಸರಿಸಿದ್ದು, ಎಲ್ಲವನ್ನೂ ಅವಳು ಹೇಳಿದಳು. ಗೊತ್ತಿದ್ದದ್ದನ್ನೂ ಅವನು ಕೈ ಜೋಡಿಸಿ, ನಡುವೆ ಬಾಯಿ ಹಾಕದೆ, ಕೊನೆಯವರೆಗೆ ಕೇಳಿದ.

ನೀತಿ: ಯಂತ್ರ ಕೆಟ್ಟಾಗ ನಾವು ಒಂದೊಂದೇ ಭಾಗ ಬಿಚ್ಚಿ ಕಾರಣ ಹುಡುಕುತ್ತೇವೆ. ಮನುಷ್ಯರ ವಿಷಯದಲ್ಲಿ ಮಾತ್ರ ಮೊದಲೇ ತೀರ್ಪು ಕೊಟ್ಟುಬಿಡುತ್ತೇವೆ. ಯಂತ್ರಕ್ಕೆ ಕೊಡುವಷ್ಟು ತಾಳ್ಮೆಯನ್ನಾದರೂ ನೆರೆಯವರಿಗೆ ಕೊಡಿ. ನಾವು ದೋಷವೆಂದು ಬೆರಳು ತೋರಿಸಿದ್ದು, ನಮಗಾಗಿ ಯಾರೋ ಸದ್ದಿಲ್ಲದೆ ಮಾಡಿದ ಉಪಕಾರವಾಗಿರಬಹುದು.