ಡಾಕ್ಟರ್ ಅಪ್ಪಾರ ಶೇಗಡಿ

ನದಿ ತಿರುಗುವ ಜಾಗದಲ್ಲಿ ಆ ಆಶ್ರಮ. ಒಂದು ಮಗ್ಗುಲಿಗೆ ಗುಡಿ, ಇನ್ನೊಂದು ಮಗ್ಗುಲಿಗೆ ಆಸ್ಪತ್ರೆ. ಎರಡರ ಬಾಗಿಲೂ ಪೂರ್ವಕ್ಕೆ. ಹೊಸದಾಗಿ ಬಂದವರು ಎಷ್ಟೋ ಸಲ ಗುಡಿಯೆಂದುಕೊಂಡು ಆಸ್ಪತ್ರೆಯ ಹೊಸ್ತಿಲಿಗೆ ಕೈಮುಗಿಯುತ್ತಿದ್ದರು. ಅವರನ್ನು ಯಾರೂ ತಿದ್ದುತ್ತಿರಲಿಲ್ಲ.

ಅಲ್ಲಿಯ ಸ್ವಾಮಿಗಳು ಪೂರ್ವಾಶ್ರಮದಲ್ಲಿ ಸರ್ಜನ್. ಕಾವಿ ಉಡಿಸಿದ ಶಿವ ಅವರ ಕೈಯಿಂದ ಚಾಕುವನ್ನು ಮಾತ್ರ ಬಿಡಿಸಲಿಲ್ಲ. ಸುತ್ತಲಿನ ಜನ ಅವರನ್ನು ಡಾಕ್ಟರ್ ಅಪ್ಪಾರು ಎನ್ನುತ್ತಿದ್ದರು. ಹರ್ನಿಯಾ, ಅಪೆಂಡಿಕ್ಸ್, ಮೂಲವ್ಯಾಧಿ, ಪಿತ್ತಕೋಶದ ಕಲ್ಲು, ಬೆನ್ನ ಮೇಲಿನ ಗಡ್ಡೆ, ಕೀವು ತುಂಬಿದ ಕುರು, ಏನೇ ಹೊತ್ತು ಬಂದರೂ ಅಲ್ಲಿ ಇಳಿಸಿ ಹೋಗಬಹುದಿತ್ತು.

ಉಮಾಪತಿ ಮೈಸೂರು ಕಡೆಯವನು. ಸರ್ಜರಿ ಓದಿ ಮುಗಿಸಿ, ಅಪ್ಪಾರ ಕೈಯಲ್ಲಿ ಪಳಗಬೇಕೆಂದು ಹುಡುಕಿಕೊಂಡು ಬಂದಿದ್ದ. ಬಂದಾಗಿನಿಂದ ಅವನಿಗೆ ಸಿಕ್ಕಿದ್ದು ಗಾಯವನ್ನು ಅಗಲಿಸಿ ಹಿಡಿಯುವ ಕೊಕ್ಕೆ. ಅಪ್ಪಾರು ಕೊಯ್ಯುವರು, ಅವನು ಕೊಕ್ಕೆ ಹಿಡಿಯುವನು.

ಪರೀಕ್ಷೆಯ ಕೋಣೆಯ ಮೂಲೆಯಲ್ಲಿ ಒಂದು ಶೇಗಡಿ. ಒಳಗೆ ಕೆಂಡ, ಪಕ್ಕದಲ್ಲಿ ಚಹಾದ ಕಿಟ್ಲಿ. ರೋಗಿ ಮಲಗಿದ ಮೇಲೆ ಅಪ್ಪಾರು ಕೈ ತೊಳೆದು, ಒರೆಸಿಕೊಂಡು, ಆ ಕೆಂಡದ ಮೇಲೆ ಕೈ ಚಾಚಿ ನಿಲ್ಲುತ್ತಿದ್ದರು. ತುಟಿ ಮೆಲ್ಲಗೆ ಅಲುಗುತ್ತಿತ್ತು. ಆಮೇಲೆ ರೋಗಿಯ ಕೈಯನ್ನೇ ಅವನ ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ತಮ್ಮ ಕೈ ಇಡುವರು. ಎಮ್ಮೆ, ಹೊಲ, ಬೀಗರು ಎಂದು ಮಾತಿಗೆ ಹಚ್ಚುವರು. ಮಾತಿನ ನಡುವೆ ರೋಗಿಯ ಕೈ ಯಾವಾಗ ಸರಿಯಿತೋ, ಅಪ್ಪಾರ ಕೈ ಯಾವಾಗ ಹೊಟ್ಟೆಗೆ ತಾಗಿತೋ, ರೋಗಿಗೇ ಗೊತ್ತಾಗುತ್ತಿರಲಿಲ್ಲ.

ಹೊರಗೆ ಸಾಲು ಬೆಳೆಯುತ್ತಿತ್ತು. ಉಮಾಪತಿಗೆ ಇರುಸುಮುರುಸು.

"ಗುರುಗಳೇ, ಇಷ್ಟು ಹೊತ್ತಿಗೆ ಇನ್ನೂ ನಾಲ್ಕು ಜನರನ್ನ ನೋಡಬಹುದಿತ್ತು."

"ಹೌದಪಾ. ನೋಡಬಹುದಿತ್ತು. ಚಹಾ ಕುಡಿ."

ಇನ್ನೊಂದು ಸಂಗತಿ ಅವನ ಕಣ್ಣಿಗೆ ಬಿದ್ದಿತ್ತು. ಅಪ್ಪಾರು ಕೆಮ್ಮುವಾಗ, ಕೂತಲ್ಲಿಂದ ಏಳುವಾಗ, ಎಡತೊಡೆಯ ಸಂದಿಗೆ ಅಂಗೈ ಒತ್ತಿ ಹಿಡಿಯುತ್ತಿದ್ದರು. ಕಾವಿಯ ಕೆಳಗೆ ಬಿಗಿಯಾಗಿ ಬಟ್ಟೆ ಕಟ್ಟಿರುತ್ತಿದ್ದರು. ಸರ್ಜನ್‌ನ ಕಣ್ಣಿಗೆ ಅಷ್ಟು ಸಾಕು. ಹರ್ನಿಯಾ. ಅದೂ ಹಳೆಯದು. ಒಂದು ದಿನ ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು.

"ಗುರುಗಳೇ, ಅದನ್ನ ನಾನೊಮ್ಮೆ ನೋಡಲಾ?"

"ನೋಡೂ ಕೈ ಬರಲಿ, ತಮ್ಮಾ."

"ನನ್ನ ಕೈ ಇದೆಯಲ್ಲ!"

ಅಪ್ಪಾರು ಅವನ ಕೈಯನ್ನು ಹಿಡಿದು ನೋಡಿದರು. ನಕ್ಕು ಬಿಟ್ಟರು.

ಆ ನಗು ಉಮಾಪತಿಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಇಂಥ ದೊಡ್ಡವರು ಪಟ್ಟಣಕ್ಕೂ ಹೋಗುವುದಿಲ್ಲ, ತನಗೂ ತೋರಿಸುವುದಿಲ್ಲ. ತನ್ನ ಕೈಯನ್ನು ಅವರು ಯಾವಾಗ ನಂಬಿಯಾರು? ದಿನವೂ ಗುಡಿಯಲ್ಲಿ ಅವನು ಶಿವನ ಮುಂದೆ ನಿಂತು ಕೇಳುತ್ತಿದ್ದದ್ದು ಇದೊಂದೇ.

ಪುಷ್ಯ ಮಾಸದ ಒಂದು ಮುಂಜಾನೆ. ನದಿಯ ಮೇಲೆ ಮಂಜು. ಉಮಾಪತಿ ಆಗಷ್ಟೇ ಹೊಳೆಯಲ್ಲಿ ಮಿಂದು ಬಂದಿದ್ದ. ಬೆಲ್ಲದ ಗಾಣದ ಭರಮಪ್ಪನನ್ನು ಅವನ ಹೆಂಡತಿ ತಂಗೆವ್ವ ಗಾಡಿಯಲ್ಲಿ ಹಾಕಿಕೊಂಡು ಬಂದಳು.

"ಹೊಟ್ಟಿ ಹಿಡಕೊಂಡೈತ್ರಿ ಸಾಹೇಬ್ರ. ರಾತ್ರಿ ಹಸೀ ಶೇಂಗಾ, ಬಿಸಿಬೆಲ್ಲ ಬ್ಯಾಡ ಅಂದ್ರ ಕೇಳಲಿಲ್ರಿ."

"ಸುಮ್ಮಿರಽ," ಎಂದ ಭರಮಪ್ಪ, ನರಳುತ್ತಲೇ. "ನೀ ಮಾಡಿದ ಸಾರಿಗಿಂತಾ ಬೆಲ್ಲ ಚಲೋ ಇತ್ತು."

ಉಮಾಪತಿ ಅವನನ್ನು ಮಲಗಿಸಿದ. ಅಂಗಿ ಎತ್ತಿದ. ಹೊಟ್ಟೆಗೆ ಕೈಯಿಟ್ಟ.

ಹಲಗೆ. ಹೊಟ್ಟೆಯೆಲ್ಲ ಹಲಗೆಯ ಹಾಗೆ ಬಿಗಿದಿತ್ತು.

ಕರುಳು ತೂತಾಗಿ ಒಳಗೆಲ್ಲ ನಂಜು ಹರಡಿದರೆ ಹೊಟ್ಟೆ ಹೀಗೆ ಗಟ್ಟಿಯಾಗುತ್ತದೆ ಎಂದು ಅವನು ಓದಿದ್ದ. ನರ್ಸ್ ಕಮಲಾಬಾಯಿಗೆ ಕೂಗಿ ಹೇಳಿದ. "ಸಿಸ್ಟರ್, ಥಿಯೇಟರ್ ರೆಡಿ ಮಾಡಿ. ತಡ ಮಾಡೋ ಹಾಗಿಲ್ಲ."

ತಂಗೆವ್ವ ಬಾಯಿಗೆ ಸೆರಗು ಹಿಡಿದು ಕೂತುಬಿಟ್ಟಳು.

ಅಪ್ಪಾರು ವಿಭೂತಿ ಹಚ್ಚಿಕೊಳ್ಳುತ್ತಾ ಬಂದರು. ಕೈ ತೊಳೆದರು, ಒರೆಸಿದರು, ಶೇಗಡಿಯ ಮೇಲೆ ಚಾಚಿದರು.

"ಏನೋ ಭರಮ್ಯಾ, ಈ ಸಲ ಬೆಲ್ಲ ಬಂಗಾರದ ಬಣ್ಣ ಬಂದದೋ, ಇಲ್ಲಾ ನಿನ್ನ ಬಣ್ಣಾ ಬಂದದೋ?"

"ಅಪ್ಪಾರ, ಮಠಕ್ಕ ಕಳಿಸಿದ್ದು ನೋಡಿಲ್ಲೇನ್ರಿ? ಬಂಗಾರ ಅಂದ್ರ ಬಂಗಾರ…"

ಅವನು ಬೆಲ್ಲದ ಬಣ್ಣವನ್ನು ಬಣ್ಣಿಸುತ್ತಲೇ ಇದ್ದ. ಅಪ್ಪಾರ ಕೈ ಅವನ ಹೊಟ್ಟೆಯ ಮೇಲೆ ಹಿಟ್ಟು ನಾದಿದ ಹಾಗೆ ಮೆಲ್ಲಗೆ ಆಡುತ್ತಿತ್ತು. ಉಮಾಪತಿ ಕಣ್ಣು ಬಿಟ್ಟು ನೋಡಿದ. ಅದೇ ಹೊಟ್ಟೆ. ಅಪ್ಪಾರ ಬೆರಳು ಒಳಗಿಳಿಯುತ್ತಿತ್ತು, ಮೇಲೇಳುತ್ತಿತ್ತು.

"ಮೆತ್ತಗದ," ಎಂದರು ಅಪ್ಪಾರು. "ಕಮಲಾಬಾಯಿ, ಥಿಯೇಟರ್ ಬ್ಯಾಡವ್ವಾ."

"ಹಂಗಾರ ಹೋಗ್ಲೇನ್ರಿ ಅಪ್ಪಾರ? ಬೆಲ್ಲದ ಕೊಪ್ಪರಿಗಿ ಒಲಿ ಮ್ಯಾಲೈತಿ," ಎಂದ ಭರಮಪ್ಪ.

"ಕೊಯ್ಯೂದೂ ಬ್ಯಾಡ, ಹೋಗೂದೂ ಬ್ಯಾಡ. ಇಲ್ಲೇ ಮಲಗು. ಏನೂ ತಿನಬ್ಯಾಡ. ಸಂಜೀಕ ಮತ್ತ ನೋಡೂಣು."

ಉಮಾಪತಿ ಹಿತ್ತಲಿಗೆ ಹೋಗಿ ನಿಂತ. ಮುಖ ಸುಡುತ್ತಿತ್ತು.

ಅಪ್ಪಾರು ಹಿಂದೆಯೇ ಬಂದರು. ಅಲ್ಲಿದ್ದ ತಣ್ಣೀರಿನ ಹಂಡೆಯಲ್ಲಿ ಕೈ ಅದ್ದಿದರು. ಅವನ ಅಂಗಿಯ ಕೆಳಗೆ ಕೈ ತೂರಿಸಿ ಹೊಟ್ಟೆಗೆ ಒತ್ತಿಯೇಬಿಟ್ಟರು.

"ಅಯ್ಯೋ!" ಉಮಾಪತಿ ಹಾರಿಬಿದ್ದ.

"ಹಲಗಿ ಆಗೇದಲ್ಲೋ ತಮ್ಮಾ!" ಎಂದರು ಅಪ್ಪಾರು. "ಥಿಯೇಟರ್ ರೆಡಿ ಮಾಡಿಸಲೇನು?"

ಅವನಿಗೆ ಅಳು ಬರುವುದರಲ್ಲಿತ್ತು. ನಗುವೇ ಬಂತು. ಅಪ್ಪಾರೂ ನಕ್ಕರು. ನಗುವಾಗ ಎಡತೊಡೆಯ ಸಂದಿಯನ್ನು ಒತ್ತಿಕೊಂಡರು.

"ಗುರುಗಳೇ, ಕೆಂಡದ ಮುಂದೆ ನಿಂತು ಏನು ಅಂದುಕೊಳ್ಳುತ್ತೀರಿ? ಯಾವ ಮಂತ್ರ?"

"ಮಂತ್ರ ಎಲ್ಲೀದು? 'ತಂದೇ, ಒಳಗ ನೀ ಅದಿ. ನಾ ಬಂದೀನಿ, ಬಾಗಲಾ ತಗಿ' ಅಂತೀನಿ. ಒಬ್ಬರ ಮನಿಗೆ ಹೋದರ ಬಾಗಲಾ ಬಡಿಯೂದಿಲ್ಲೇನು?"

ಆ ದಿನವೆಲ್ಲ ಉಮಾಪತಿ ಅದನ್ನೇ ಹೇಳಿಕೊಂಡ. ಶಿವ ಒಳಗಿದ್ದಾನೆ ಎಂದು ದಿನಾ ಹಾಡುವ ತಾನು ಶಿವನ ಮೈ ಮೇಲೆ ಹೊಳೆಯ ನೀರಿನ ಕೈ ಇಟ್ಟೆನಲ್ಲ ಎಂದು ಕೊರಗಿದ.

ಸಂಜೆಯಾಯಿತು. ಗುಡಿಯಲ್ಲಿ ದೀಪ ಹಚ್ಚಿದರು. ಅಪ್ಪಾರು ಲಿಂಗಪೂಜೆಗೆ ಕೂತರು. ಆ ಹೊತ್ತಿನಲ್ಲಿ ಅವರನ್ನು ಮಾತಾಡಿಸಿದವರೇ ಇಲ್ಲ.

ಉಮಾಪತಿ ಭರಮಪ್ಪನ ಮಂಚದ ಬಳಿಗೆ ಹೋದ.

"ಈಗ ಆರಾಮ ಅನಸತೈತ್ರಿ ಸಾಹೇಬ್ರ. ಬಿಟ್ಟಬಿಡ್ರಿ, ಮನಿಗೆ ಹೊಕ್ಕೀವಿ."

"ಅಪ್ಪಾರಽ ಮೆತ್ತಗೈತಿ ಅಂದ ಮ್ಯಾಲೆ ಇನ್ನೇನ್ರಿ?" ಎಂದಳು, ಬಟ್ಟೆಬರೆಯ ಗಂಟು ಕಟ್ಟಿಕೊಂಡೇ ನಿಂತಿದ್ದ ತಂಗೆವ್ವ. "ಅವರ ಮಾತಂದ್ರ ಶಿವನ ಮಾತು."

"ಒಂದು ನಿಮಿಷ ಇರಮ್ಮ."

ಅವನು ಕೈ ತೊಳೆದ. ಒರೆಸಿದ. ಶೇಗಡಿಯ ಮೇಲೆ ಚಾಚಿದ. ಬೆರಳ ತುದಿಯವರೆಗೂ ಬಿಸಿ ಹತ್ತುವವರೆಗೆ ನಿಂತ. ಭರಮಪ್ಪನ ಕೈಯನ್ನು ಅವನದೇ ಹೊಟ್ಟೆಯ ಮೇಲಿಟ್ಟು, ಮೇಲೆ ತನ್ನ ಕೈ ಇಟ್ಟ.

"ಭರಮಪ್ಪನವರೇ, ಕೊಪ್ಪರಿಗೆ ಯಾರು ನೋಡ್ಕೊಳ್ತಿದ್ದಾರೆ?"

"ನನ್ನ ಅಳಿಯಾರಿ. ಅಂವಾ ನೋಡಕೋತಾನೋ, ಮುಕ್ಕತಾನೋ…"

ಹೊಟ್ಟೆ ಎಲ್ಲ ಕಡೆ ಮೆತ್ತಗಿತ್ತು. ಹೊಕ್ಕುಳ ಸುತ್ತ ಮೆತ್ತಗೆ. ಎಡಕ್ಕೆ ಮೆತ್ತಗೆ. ಬಲಕ್ಕೆ ಕೆಳಗೆ ಬಂದಾಗ ಭರಮಪ್ಪನ ಮಾತು ನಿಂತಿತು. ಉಮಾಪತಿಯ ಬೆರಳ ಕೆಳಗೆ, ಅಂಗೈಯಗಲದ ಜಾಗ, ತಾನಾಗಿಯೇ ಬಿಗಿಯಿತು.

ಉಮಾಪತಿ ಕೈ ತೆಗೆದ. ಮತ್ತೆ ಕಾಸಿಕೊಂಡ. ಮತ್ತೆ ಇಟ್ಟ. ಅಲ್ಲೇ, ಅದೇ ಜಾಗ, ಮತ್ತೆ ಬಿಗಿಯಿತು.

ಅಪೆಂಡಿಕ್ಸ್. ಬೆಳಿಗ್ಗೆ ಹೊಟ್ಟೆಯ ನಡುವೆ ಅಲೆಯುತ್ತಿದ್ದ ನೋವು ಈಗ ತನ್ನ ಜಾಗಕ್ಕೆ ಬಂದು ಕೂತಿತ್ತು. ಒಡೆಯುವ ಮೊದಲು ತೆಗೆಯಬೇಕು.

ಆದರೆ ಅಪ್ಪಾರು ಮೆತ್ತಗಿದೆ ಎಂದಿದ್ದಾರೆ. ಬೆಳಿಗ್ಗೆ ಗಟ್ಟಿ ಎಂದು ಕೂಗಿ ನಗೆಗೀಡಾದವನು ತಾನು. ಸಂಜೆ ಮತ್ತೆ ಗಟ್ಟಿ ಎಂದರೆ? ಗುರುವಿನ ಮಾತಿನ ಮುಂದೆ ತನ್ನ ಕೈಯದ್ದೇನು? ಹೇಳದೆ ಬಿಟ್ಟರೆ ಇವರು ಗಾಡಿ ಹತ್ತುತ್ತಾರೆ. ಗಾಣದ ಮನೆಯಲ್ಲಿ, ಬೆಲ್ಲದ ವಾಸನೆಯ ನಡುವೆ, ಇದು ಒಡೆಯುತ್ತದೆ.

"ತಂದೇ," ಎಂದುಕೊಂಡ ಉಮಾಪತಿ, "ಬಾಗಿಲು ತೆಗೆದಿದ್ದೀಯ. ಒಳಗಿನದ್ದನ್ನ ಕಂಡ ಮೇಲೆ ಹೇಳೋ ಧೈರ್ಯವನ್ನೂ ನೀನೇ ಕೊಡು."

ಅವನು ಪೂಜೆಯ ಕೋಣೆಯ ಹೊಸ್ತಿಲಲ್ಲಿ ಹೋಗಿ ನಿಂತ. ಅಪ್ಪಾರು ಎಡಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಅದರಲ್ಲೇ ದೃಷ್ಟಿ ನೆಟ್ಟಿದ್ದರು.

"ಗುರುಗಳೇ, ತಪ್ಪಾಯಿತು. ಭರಮಪ್ಪನ ಹೊಟ್ಟೆ…"

ಅಪ್ಪಾರು ಕಣ್ಣೆತ್ತಲಿಲ್ಲ. "ಏನಾಗೇದ?"

"ಬೆಳಿಗ್ಗೆ ತಾವು ಮೆತ್ತಗಿದೆ ಅಂದಿರಿ."

"ಮುಂಜಾನಿ ಮಾತು ಮುಂಜಾನಿಗೆ ಆತು. ಈಗ ನಿನ್ನ ಕೈ ಏನ ಅಂತದ?"

ಉಮಾಪತಿ ತನ್ನ ಅಂಗೈ ನೋಡಿಕೊಂಡ.

"ಗಟ್ಟಿ ಇದೆ ಅನ್ನುತ್ತೆ. ಬಲಗಡೆ, ಕೆಳಗೆ. ಅಲ್ಲಿ ಮಾತ್ರ."

"ಖರೇ?"

"ಖರೇ, ಗುರುಗಳೇ."

"ಹಂಗಾರ ಹೋಗು. ತಗಿ."

ಅವನಿಗೆ ಕೇಳಿದ್ದು ನಂಬಲಾಗಲಿಲ್ಲ. "ತಾವೊಮ್ಮೆ ಬಂದು ನೋಡಿದರೆ…"

"ನಾ ಪೂಜಾದಾಗ ಅದೀನಿ, ತಮ್ಮಾ."

ಅರಿವಳಿಕೆ ಕೊಡುವ ಡಾಕ್ಟರಮ್ಮನಿಗೆ ಫೋನ್ ಹೋಯಿತು. ತಂಗೆವ್ವನ ಗಂಟು ನೆಲಕ್ಕಿಳಿಯಿತು. ಅವಳು ಉಮಾಪತಿಯ ಮುಖ ನೋಡಿದಳು, ಆಮೇಲೆ ಅವನ ಕೈ ನೋಡಿದಳು.

"ಅಪ್ಪಾರು ಏನಂದ್ರು ಸಾಹೇಬ್ರ?"

"ತಗಿ ಅಂದರು, ತಾಯಿ."

"ಹಂಗಾರ ತಗೀರಿ. ಬೆಲ್ಲ ಮಾತ್ರ ಬಿಡಸ್ರಿ ಅವ್ನಿಗೆ."

ದೊಡ್ಡ ದೀಪದ ಕೆಳಗೆ ಉಮಾಪತಿ ಚಾಕು ಹಿಡಿದ. ಚರ್ಮ ಬಿಡಿಸಿದ, ಅದರ ಕೆಳಗಿನ ಪದರಗಳನ್ನು ಒಂದೊಂದಾಗಿ ಸರಿಸಿದ. ಈಗ ಗಾಯವನ್ನು ಅಗಲಿಸಿ ಹಿಡಿಯಬೇಕಿತ್ತು.

"ಸಿಸ್ಟರ್, ಕೊಕ್ಕೆ ಹಿಡಿಯಿರಿ."

ಎದುರಿನಿಂದ ಒಂದು ಕೈ ಬಂದು ಕೊಕ್ಕೆ ಹಿಡಿಯಿತು. ಆ ಹಿಡಿತ ಅವನಿಗೆ ಗೊತ್ತಿತ್ತು. ತಲೆಯೆತ್ತಿದ. ಮುಖಕ್ಕೆ ಬಟ್ಟೆ ಕಟ್ಟಿದ್ದರೂ ಹಣೆಯ ವಿಭೂತಿ ಕಾಣುತ್ತಿತ್ತು.

"ಗುರುಗಳೇ… ಪೂಜೆ?"

"ನಡದದ."

ಇತ್ತ ಹಿಡಿಯಿರಿ ಎಂದರೆ ಇತ್ತ ಹಿಡಿದರು, ಇನ್ನಷ್ಟು ಅಗಲಿಸಿ ಎಂದರೆ ಇನ್ನಷ್ಟು ಅಗಲಿಸಿದರು. ಹೇಳಿಸಿಕೊಳ್ಳುವ ಹೊಸ ಹುಡುಗನ ಹಾಗೆ ನಿಂತಿದ್ದರು.

ಅಪೆಂಡಿಕ್ಸ್ ಊದಿ ಕೆಂಪಗಾಗಿತ್ತು. ತುದಿ ಕಪ್ಪಿಟ್ಟಿತ್ತು. ಇನ್ನೂ ಒಡೆದಿರಲಿಲ್ಲ. ಉಮಾಪತಿ ಅದರ ಬುಡಕ್ಕೆ ದಾರ ಕಟ್ಟಿ ತೆಗೆದು ತಟ್ಟೆಗಿಟ್ಟ.

ಅಪ್ಪಾರು ಅದನ್ನು ನೋಡಿದರು. ಕೊಕ್ಕೆ ಹಿಡಿದ ಕೈಗಳ ನಡುವೆಯೇ ತಲೆ ತುಸು ಬಾಗಿಸಿದರು. ಶಿವನಿಗೋ, ಶಿಷ್ಯನಿಗೋ, ಉಮಾಪತಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲು ಬಂದಿತ್ತು. ಭರಮಪ್ಪ ಕೊಪ್ಪರಿಗೆಯ ಚಿಂತೆ ಮಾಡುತ್ತಾ ಮಲಗಿದ್ದ. ತಂಗೆವ್ವ ಅವನನ್ನು ಬೈಯುತ್ತಾ ಕೂತಿದ್ದಳು. ಬೈಗುಳ ಕೇಳಿ ಇಡೀ ವಾರ್ಡು ನಗುತ್ತಿತ್ತು.

ಉಮಾಪತಿ ಚಹಾ ಸೋಸುತ್ತಿದ್ದ.

"ಗುರುಗಳೇ, ನನ್ನ ಕೈ ನಿನ್ನೆ ಸಂಜೆಯೂ ತಪ್ಪಿದ್ದರೆ? ತಾವು ನೋಡದೆಯೇ ತಗಿ ಅಂದುಬಿಟ್ಟಿರಿ."

ಅಪ್ಪಾರು ಚಹಾ ಮುಗಿಸಿ ಲೋಟವನ್ನು ಕೆಳಗಿಟ್ಟರು. ಎದ್ದರು. ಏಳುವಾಗ ಅಂಗೈ ಎಡಸಂದಿಗೆ ಹೋಯಿತು. ಕೋಣೆಯ ಬಾಗಿಲು ಮುಂದೆ ಮಾಡಿದರು. ಅಷ್ಟು ಕಾಲದಿಂದ ಬಿಗಿದು ಕಟ್ಟಿದ್ದ ಬಟ್ಟೆಯ ಗಂಟನ್ನು ಬಿಚ್ಚಿ, ಮಡಚಿ, ಕುರ್ಚಿಯ ಮೇಲಿಟ್ಟರು.

ಆಮೇಲೆ ರೋಗಿಗಳು ಮಲಗುವ ಹಾಸಿಗೆಯ ಮೇಲೆ ಮಲಗಿದರು. ತಮ್ಮ ಕೈಯನ್ನು ತಮ್ಮ ಹೊಟ್ಟೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

"ತಮ್ಮಾ," ಎಂದರು, "ಕೈ ಕಾಸ್ಕೊಂಡು ಬಾ."