ಹತ್ತು ಮೀನು

“ಗುರುಗಳೇ, ನಿಮ್ಮ ಮಾತನ್ನು ಒಂದಕ್ಷರವೂ ಬಿಡದೆ ಪಾಲಿಸಿದ್ದೇನೆ. ಆದರೂ ಮನಸ್ಸು ಯಾಕೆ ತಿಳಿಯಾಗುತ್ತಿಲ್ಲ?” ಎಂದು ಶಿಷ್ಯ ಕೇಳಿದ.

“ಯಾವ ಮಾತು?” ಎಂದರು ಗುರುಗಳು.

“ಅಣ್ಣನೊಡನೆ ಜಗಳವಾಡಿ ಮಠಕ್ಕೆ ಬಂದ ದಿನ ನೀವು ‘ಮರೆತುಬಿಡು’ ಎಂದಿರಿ. ಮರೆತೆ. ಈ ಬೆಳಿಗ್ಗೆ ಅಣ್ಣ ಬಂದು ಮಠದ ಬಾಗಿಲಲ್ಲಿ ನಿಂತಿದ್ದಾನೆ. ನನಗೆ ಅಣ್ಣನೇ ಇಲ್ಲ ಎಂದು ಹೇಳಿ ಕಳಿಸಿದೆ. ಅವನು ಹೋಗುತ್ತಿಲ್ಲ.”

ಗುರುಗಳು ಒಂದು ಕತೆ ಹೇಳಿದರು.

ಒಂದು ತೊರೆಯ ದಂಡೆಯಲ್ಲಿ ಒಬ್ಬ ಮೀನುಗಾರನಿದ್ದ. ಸುತ್ತ ಬೇರೆ ಮನೆಗಳಿರಲಿಲ್ಲ. ಮೊದಲ ಮಳೆಗೆ ತೊರೆ ಕೆಂಪಾದ ಕೂಡಲೇ ಹೊಳೆಯ ಮೀನುಗಳು ಬಸಿರು ಹೊತ್ತು, ತಾವು ಹುಟ್ಟಿದ ನೀರಿಗೆ ಮೊಟ್ಟೆಯಿಡಲು ಮೇಲೇರುತ್ತಿದ್ದವು. ದಾರಿಯಲ್ಲಿ ಒಂದು ಬಂಡೆ. ಅವು ನೆಗೆಯುತ್ತಿದ್ದವು, ಬೀಳುತ್ತಿದ್ದವು, ಮತ್ತೆ ನೆಗೆಯುತ್ತಿದ್ದವು. ಮೀನುಗಾರ ದಂಡೆಯಲ್ಲಿ ಕುಳಿತು ಸುಮ್ಮನೆ ನೋಡುತ್ತಿದ್ದ. ಮೊಟ್ಟೆಯಿಟ್ಟು ಇಳಿದು ಬರುವಾಗ ಮಾತ್ರ ಹಿಡಿಯುತ್ತಿದ್ದ. ಮೀನು ಹತ್ತುವಷ್ಟು ಕಾಲ ಆ ಮನೆಯ ಒಲೆಯ ಮೇಲೆ ಮೀನು ಬೇಯುತ್ತಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಬಯಲುಸೀಮೆಯಿಂದ ಮನೆ ಅಳಿಯನನ್ನು ತಂದ. ಅಳಿಯ ಒಳ್ಳೆಯವನು, ಕೆರೆಯಲ್ಲಿ ಬಲೆ ಬೀಸಿ ಬೆಳೆದವನು. ಕೆರೆಯ ಮೀನು ಎಲ್ಲಿಗೂ ಹತ್ತುವುದಿಲ್ಲ.

ಮಳೆಗಾಲಕ್ಕೆ ಮುಂಚೆಯೇ ಮಾವ ಹಾಸಿಗೆ ಹಿಡಿದ. ಸಾಯುವ ಮುನ್ನ ಅಳಿಯನ ಕೈ ಹಿಡಿದು, “ನೋಡಪ್ಪ, ಹತ್ತು ಮೀನು ಬಿಟ್ಟುಬಿಡು. ಉಳಿದದ್ದೆಲ್ಲ ನಿಂದೇ” ಎಂದ.

ಅಳಿಯ ಆಗಲಿ ಎಂದ. ಅವನ ಊರಿನಲ್ಲಿ ಮೊದಲ ಮೀನನ್ನು ಗಂಗಮ್ಮನಿಗೆಂದು ನೀರಿಗೆ ಬಿಡುವ ಪದ್ಧತಿಯಿತ್ತು. ಇಲ್ಲಿಯ ಗಂಗಮ್ಮನಿಗೆ ಹತ್ತು ಬೇಕೇನೋ ಎಂದುಕೊಂಡ. ಕೇಳಲಿಲ್ಲ. ಸಾಯುವವನನ್ನು ಕೆದಕಿ ಕೇಳುವುದು ಮರ್ಯಾದೆಯಲ್ಲ ಎಂದು ಅವನ ಎಣಿಕೆ.

ಮಳೆ ಬಂತು. ಅಳಿಯ ಬಂಡೆಯ ಕೆಳಗೆ ಬಿದಿರಿನ ಕೂಳಿ ಒಡ್ಡಿದ. ಒಳಗೆ ಹೊಕ್ಕ ಮೀನು ಹೊರಬರಲಾರದಂಥ ಬುಟ್ಟಿ ಅದು. ಮೊದಲು ಬಿದ್ದ ಹತ್ತು ಮೀನುಗಳಿಗೆ ಅರಿಸಿನ ಕುಂಕುಮ ಹಾಕಿ, ಕೈಮುಗಿದು, ಎಲ್ಲವನ್ನೂ ಒಟ್ಟಿಗೆ ಬಂಡೆಯ ಮೇಲಿನ ನೀರಿಗೆ ಬಿಟ್ಟ. ಆಮೇಲೆ ಬಂದದ್ದನ್ನೆಲ್ಲ ದಂಡೆಯಿಂದಲೇ ಸಂತೆಗೆ ಹೊತ್ತ.

ಮನೆಯಲ್ಲಿ ಹೆಂಡತಿ ಕೇಳಿದಳು, “ಅಪ್ಪ ಹೇಳಿದಂಗೆ ಹತ್ತು ಮೀನು ಬಿಟ್ರಾ?”

“ಬಿಟ್ಟೆ” ಎಂದ. ಇಬ್ಬರಿಗೂ ಸಮಾಧಾನವಾಯಿತು. ಸಂತೆಗೆ ಹೋದದ್ದು ತೊರೆಯ ಕೆಳಗಿನ ಮಡುವಿನಲ್ಲೇ ಇರುವ ಮೀನು ಎಂದು ಅವಳು ತಿಳಿದಿದ್ದಳು.

ಹೀಗೇ ಕೆಲವು ಮಳೆಗಾಲ ಕಳೆದವು. ವರ್ಷ ವರ್ಷಕ್ಕೂ ಮೀನು ಕಡಿಮೆಯಾಯಿತು. ಅಳಿಯ ಅರಿಸಿನ ಹೆಚ್ಚು ಮಾಡಿದ. ಪಾಪ, ಭಕ್ತಿಯಲ್ಲಿ ಅವನದು ಒಂದು ಕೊರತೆಯೂ ಇಲ್ಲ.

ಒಂದು ವರ್ಷ ತೊರೆಗೆ ಹೋದವನು ಊಟದ ಹೊತ್ತು ಮೀರಿದರೂ ಮನೆಗೆ ಬರಲಿಲ್ಲ. ಹೆಂಡತಿ ಹುಡುಕಿಕೊಂಡು ಹೋದಳು. ಅವನು ಮೊಣಕಾಲುದ್ದ ನೀರಿನಲ್ಲಿ ಕೂಳಿಯನ್ನು ಬಿಗಿಹಿಡಿದು ನಿಂತಿದ್ದ. ಒಳಗೆ ಮೀನುಗಳು ಬಿದಿರಿಗೆ ಮೂತಿ ಬಡಿದುಕೊಳ್ಳುತ್ತಿದ್ದವು.

“ಎಂಟೇ ಬಂದಿವೆ” ಎಂದ. “ಇನ್ನೆರಡು ಬರಲಿ ಅಂತ ಬೆಳಗಿನಿಂದ ಕಾಯ್ತಾ ಇದ್ದೀನಿ. ಹತ್ತಾದ ಮೇಲೆ ಬಿಡ್ತೀನಿ. ಮಾವನ ಮಾತು ತಪ್ಪಬಾರದಲ್ಲ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ತಲೆ ಚಚ್ಚಿಕೊಂಡಳು.

“ಅಯ್ಯೋ, ಹತ್ತು ಮೀನು ಅಂದ್ರೆ ಎಣಿಸೋ ಹತ್ತಲ್ಲರೀ! ಮೇಲಕ್ಕೆ ಹತ್ತೋ ಮೀನು! ಬಿಡ್ರೀ ಅವನ್ನ!”

ಅವನು ಕೂಡಲೇ ನೀರಿಗೆ ಬಾಗಿದ. ಕೂಳಿಯ ಬಾಯಿ ಬಿಚ್ಚಿದ. ಮೀನುಗಳು ಹೊರಗೆ ಬಂದವು. ಒಂದೆರಡು ಬಂಡೆಯವರೆಗೆ ಹೋದವು. ಬೆಳಗಿನಿಂದ ಬಡಿದಾಡಿ ಅವುಗಳ ಕಸುವೆಲ್ಲ ಹೋಗಿತ್ತು. ಗಂಡ ಹೆಂಡತಿ ದಂಡೆಯಲ್ಲಿ ಕುಳಿತು ನೋಡಿದರು. ಒಂದೂ ಹತ್ತಲಿಲ್ಲ. ಒಂದೊಂದಾಗಿ ಹೊಟ್ಟೆ ಮೇಲಾಗಿ ಕೆಳಗೆ ತೇಲಿಹೋದವು. ಮರುವರ್ಷ ತೊರೆ ಕೆಂಪಾಯಿತು, ಮೀನು ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, “ಅಳಿಯ ಮೂರ್ಖ, ಗುರುಗಳೇ. ಒಂದು ಮಾತು ಕೇಳಿದ್ದರೆ ಸಾಕಾಗಿತ್ತು” ಎಂದ.

ಗುರುಗಳು ಎದ್ದು, ಅಣ್ಣ ನಿಂತಿದ್ದ ಬಾಗಿಲ ಕಡೆ ನೋಡಿ ಹೇಳಿದರು:

“ಮರೆತುಬಿಡು ಎಂದೆ, ನಿಜ, ಜಗಳವನ್ನೋ ಅಣ್ಣನನ್ನೋ ಎಂದು ನೀನೂ ಕೇಳಲಿಲ್ಲ.”