ಮೊಗೆದ ನೀರಿನ ಲೆಕ್ಕ

ತುಂಗಭದ್ರೆಯ ದಂಡೆಯ ಮೇಲೆ ಪಂಪಯ್ಯಜ್ಜನ ಆಶ್ರಮ. ಅಲ್ಲಿ ಜಪವೂ ನಡೆಯುತ್ತಿತ್ತು, ಕಂಪ್ಯೂಟರುಗಳೂ ನಡೆಯುತ್ತಿದ್ದವು. ಎರಡರಲ್ಲೂ ಅಜ್ಜನಿಗೆ ತಾಳ್ಮೆ ಕಡಿಮೆ.

ಶಿಷ್ಯ ಕೊಟ್ರೇಶ ಒಂದು ಡ್ರೈವರ್ ಬರೆದಿದ್ದ. ಕಂಪ್ಯೂಟರಿನ ಒಳಗೆ ಕೂತು ಎಲ್ಲವನ್ನೂ ನಡೆಸುವ ಕರ್ನಲ್‌ಗೂ ಡಿಸ್ಕಿಗೂ ನಡುವೆ ಮಾತು ದಾಟಿಸುವ ಅಂಬಿಗನಂಥ ಪ್ರೋಗ್ರಾಮು ಅದು. ಹೊಳೆಯಾಚೆಯ ದವಾಖಾನೆಯಲ್ಲಿ ಅದನ್ನು ಹಾಕಿದ್ದರು. ರೋಗಿಗಳ ಎಕ್ಸ್‌ರೇ ಚಿತ್ರಗಳೆಲ್ಲ ಅಲ್ಲಿನ ಎರಡು ಡಿಸ್ಕುಗಳಲ್ಲಿದ್ದವು.

ಒಂದು ಬೆಳಿಗ್ಗೆ ದವಾಖಾನೆಯ ಡಾಕ್ಟರ್ ನೀಲಾಂಬಿಕೆ ಫೋನು ಮಾಡಿದರು. ಒಂದು ಡಿಸ್ಕು ಸತ್ತಿದೆ. ಅದರಲ್ಲಿದ್ದ ಚಿತ್ರಗಳು ಹೋದವು. ಇನ್ನೊಂದನ್ನು ನಂಬುವುದೋ ಬಿಡುವುದೋ ತಿಳಿಯುತ್ತಿಲ್ಲ.

“ಡಿಸ್ಕ್ ಹಳೇದ್ರಿ ಅಜ್ಜಾರ,” ಎಂದ ಕೊಟ್ರೇಶ. “ನನ್ನ ಡ್ರೈವರ್ ಒಂದು ಸಲಾನೂ ಸೋತಿಲ್ಲ.”

“ಕುಣೀಲಾರದಾಕಿ ನೆಲ ಡೊಂಕು ಅಂದಳಂತ. ಓದಾಕ ಆ ಡಿಸ್ಕ್ ಎಷ್ಟು ಸಲ ತಡವರಿಸ್ತು?”

“ತಡವರಿಸಿದಾಗ ಡ್ರೈವರ್ ಮತ್ತ ಕೇಳತೈತಿ. ಮತ್ತ ಕೇಳಿದ್ರ ಸಿಗತೈತಿ. ಗೆದ್ದ ಮ್ಯಾಲ ಲೆಕ್ಕ ಯಾಕ್ರಿ?”

“ಆ ಲೆಕ್ಕ ಹೊರಗ ತೋರಸು ಅಂತ ಎಷ್ಟು ಸಲ ಹೇಳೇನಲೇ? ಹೇಳಿ ಹೇಳಿ ನನ್ನ ನಾಲಿಗಿ ಸವೀತು.”

ಕೊಟ್ರೇಶ ನೆಲ ನೋಡಿದ. “ತೋರಿಸಿದ್ರ, ನನ್ನ ಕೆಲಸದಾಗ ತಪ್ಪು ಐತಿ ಅಂತಾರ್ರಿ.”

ಅಜ್ಜ ಹಣೆ ಹಣೆ ಬಡಿದುಕೊಂಡ. ಕೋಣನ ಮುಂದೆ ಇನ್ನೆಷ್ಟು ದಿನ ಕಿನ್ನರಿ ಬಾರಿಸುವುದು?

“ನಡಿ, ಹೊಳಿ ದಾಟೋಣ,” ಎಂದ.

ದಂಡೆಯಲ್ಲಿ ಆಶ್ರಮದ ಹಳೆಯ ಹರಿಗೋಲಿತ್ತು. ಅಜ್ಜ ಶಿಷ್ಯನನ್ನು ಹಲಗೆಯ ಮೇಲೆ ಬೆನ್ನು ತಿರುಗಿಸಿ ಕೂರಿಸಿದ, ತಾನು ಹುಟ್ಟು ಹಿಡಿದ. ಕೊಟ್ರೇಶನ ತೊಡೆಯ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಡಾಕ್ಟರಮ್ಮನಿಗೆಂದು ಒಯ್ದ ಶೇಂಗಾದ ಚೀಲ. ಅವನಿಗೆ ಈಜು ಬರುತ್ತಿರಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಛಳಕ್ ಎಂದು ನೀರು ಚೆಲ್ಲಿದ ಸದ್ದಾಯಿತು.

“ಅಜ್ಜಾರ, ಎಲ್ಲಾ ಸರಿ ಐತೇನ್ರಿ?”

“ಸರಿ ಐತಿ.”

ಮತ್ತೆ ಛಳಕ್. ಬರಬರುತ್ತ ಸದ್ದು ಬೇಗ ಬೇಗ ಬರತೊಡಗಿತು.

“ಅಜ್ಜಾರ, ಖರೇನೂ ಸರಿ ಐತೇನ್ರಿ?”

“ಸರಿ ಐತಿ ಅಂದ್ನೆಲ್ಲ. ಸುಮ್ಮನ ಕುಂದ್ರು.”

ಕೂತ ಹಲಗೆ ಒದ್ದೆಯಾದಾಗ ಕೊಟ್ರೇಶ ತಿರುಗಿ ನೋಡಿದ. ಹರಿಗೋಲಿನ ತಳದ ತುಂಬ ನೀರು. ಅಜ್ಜನ ಒಂದು ಕೈಯಲ್ಲಿ ಹುಟ್ಟು, ಇನ್ನೊಂದು ಕೈಯಲ್ಲಿ ತಂಬಿಗೆ.

“ತೂತು ಬಿದ್ದೈತಿ! ನನಗ ಈಜು ಬರಂಗಿಲ್ಲ ಅಂತ ಗೊತ್ತಿಲ್ಲೇನ್ರಿ? ಯಾಕ ಹೇಳಲಿಲ್ಲ?”

“ಕೇಳಿದಾಗೆಲ್ಲ ಹೇಳೇನಿ. ಹರಿಗೋಲು ಮುಳುಗೇತೇನು? ನೀರು ಬಂತು, ಮೊಗದೆ. ಮತ್ತ ಬಂತು, ಮತ್ತ ಮೊಗದೆ. ಗೆದ್ದ ಮ್ಯಾಲ ಲೆಕ್ಕ ಯಾಕ?”

ಕೊಟ್ರೇಶನ ಮುಖ ಸಪ್ಪಗಾಯಿತು. ತಂಬಿಗೆ ಕಿತ್ತುಕೊಂಡು ತಾನೇ ಮೊಗೆಯತೊಡಗಿದ.

“ಅಜ್ಜಾರ, ಒಂದು ತಂಬಿಗಿ ಮೊಗದೆ, ನೋಡ್ರಿ! ಮತ್ತೊಂದು ಮೊಗದೆ, ನೋಡ್ರಿ!”

ಪ್ರತಿ ಸಲವೂ ಕೈ ನಿಲ್ಲಿಸಿ, ಅಜ್ಜನ ಮುಖ ನೋಡಿ, ಹೂಂ ಅನ್ನಿಸಿಕೊಂಡೇ ಮುಂದಿನ ತಂಬಿಗೆ. ಅಷ್ಟರಲ್ಲಿ ಮೊಗೆದಷ್ಟು ನೀರು ಮತ್ತೆ ಒಳಗೆ ಬಂದಿರುತ್ತಿತ್ತು.

“ಅಯ್ಯ ಶಿವನ! ಮೊದಲ ಬಾಯಿ ಬಿಡಲಿಲ್ಲ, ಈಗ ಬಾಯಿ ಮುಚ್ಚವಲ್ಲಿ. ತಂಬಿಗಿಗೊಮ್ಮೆ ಒದರಕೋಂತ ಕುಂತ್ರ ಮೊಗಿಯೋರ್ಯಾರು?”

ಅಜ್ಜ ತಲೆಯ ಟೋಪಿ ತೆಗೆದು ಹಲಗೆಯ ಮೇಲೆ ಅಂಗಾತ ಇಟ್ಟ.

“ತಂಬಿಗಿಗೊಂದು ಶೇಂಗಾ ಇದರಾಗ ಒಗಿ. ಬ್ಯಾರೆ ಏನೂ ಮಾಡಬ್ಯಾಡ. ಬೇಕಾದಾಗ ನಾ ನೋಡ್ಕೋತೀನಿ.”

ಕೊಟ್ರೇಶ ಮೊಗೆದ, ಒಂದು ಶೇಂಗಾ ಹಾಕಿದ. ಮೊಗೆದ, ಹಾಕಿದ. ಈಗ ಕೈ ನಿಲ್ಲಲಿಲ್ಲ.

ಅಜ್ಜ ಹುಟ್ಟು ಹಾಕುತ್ತ ಆಗೊಮ್ಮೆ ಈಗೊಮ್ಮೆ ಟೋಪಿಯೊಳಗೆ ಇಣುಕುತ್ತಿದ್ದ. ಮೊದಲು ನೋಡಿದಾಗ ತಳದಲ್ಲಿ ನಾಲ್ಕು ಕಾಯಿದ್ದವು. ಆಮೇಲೆ ನೋಡಿದಾಗ ಅರ್ಧ ಟೋಪಿ ತುಂಬಿತ್ತು. ತೂತು ದೊಡ್ಡದಾಗುತ್ತಿದೆ ಎಂದು ತಿಳಿದು ಹರಿಗೋಲನ್ನು ಹತ್ತಿರದ ನಡುಗಡ್ಡೆಗೆ ತಿರುಗಿಸಿದ.

ಅಲ್ಲಿ ಹರಿಗೋಲು ಬೋರಲು ಹಾಕಿ, ತೂತಿಗೆ ಹರಿಗೋಲಿನಲ್ಲೇ ಇದ್ದ ಡಾಂಬರು ಮೆತ್ತಿದ ಬಟ್ಟೆ ತುರುಕಿದರು. ಅಜ್ಜ ಟೋಪಿಯ ಶೇಂಗಾ ಸುಲಿದು ತಿಂದ. ಶಿಷ್ಯನಿಗೂ ಕೊಟ್ಟ.

ದವಾಖಾನೆ ಮುಟ್ಟಿದವನೇ ಕೊಟ್ರೇಶ ಜಗುಲಿಯ ಮೇಲೆ ಕೂತು ಡ್ರೈವರ್ ತಿದ್ದಿದ. ಡಿಸ್ಕು ತಡವರಿಸಿದಾಗೊಮ್ಮೆ ಒಂದು ಅಂಕಿ ಏರಬೇಕು. ಆ ಅಂಕಿ ಕರ್ನಲ್‌ನ ಹೊರಗೆ, ನೋಡಬೇಕೆಂದವರಿಗೆ ಕಾಣಬೇಕು. ಅಷ್ಟೇ. ಉಳಿದ ಡಿಸ್ಕಿನ ಮೇಲೆ ಅದನ್ನು ನಡೆಸಿದ.

ಚಹಾ ಕುಡಿಯುತ್ತ ನೀಲಾಂಬಿಕೆ ಪರದೆ ನೋಡಿದರು. ಲೋಟ ಕೆಳಗಿಡುವಷ್ಟರಲ್ಲಿ ಅಂಕಿ ಎಲ್ಲಿಂದೆಲ್ಲಿಗೋ ಹೋಗಿತ್ತು.

“ಹಿಂಗ ಏರಾಕ್ಹತ್ತಿದ್ರ ನಾ ಕಾಯಂಗಿಲ್ಲಪಾ. ಇದರಾಗಿನ ಚಿತ್ರ ಎಲ್ಲಾ ಈಗಿಂದೀಗ ಹೊಸಾ ಡಿಸ್ಕಿಗೆ ಹಾಕು.”

ಸಂಜೆಯ ಹೊತ್ತಿಗೆ ಚಿತ್ರಗಳೆಲ್ಲ ದಾಟಿದವು. ಅದಾದ ಸ್ವಲ್ಪ ಹೊತ್ತಿಗೆ ಹಳೆಯ ಡಿಸ್ಕು ನಿಂತೇ ಹೋಯಿತು.

ಮೊದಲ ಡಿಸ್ಕಿನ ಚಿತ್ರಗಳು ಮಾತ್ರ ಮರಳಲಿಲ್ಲ. ಆ ರೋಗಿಗಳನ್ನೆಲ್ಲ ಮತ್ತೆ ಕರೆಸಬೇಕು. ಕಾಲು ಮುರಿದವರೂ ಇದ್ದರು, ಹೊಳೆ ದಾಟಿ ಬರಬೇಕಾದವರೂ ಇದ್ದರು. ಕೊಟ್ರೇಶನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ದಂಡೆಗೆ ಬಂದ ಮೇಲೂ ಅವನೊಳಗೆ ಏನೋ ಕುಟುಕುತ್ತಲೇ ಇತ್ತು.

“ಅಜ್ಜಾರ, ಆ ಅಂಕಿ ಇನ್ನ ಯಾವಾಗಲೂ ಎಲ್ಲಾರಿಗೂ ಕಾಣತೈತಿ. ನೋಡಿದವರು ಏನಂತಾರ್ರಿ?”

ಇನ್ನೂ ಅದೇ ಪ್ರಶ್ನೆ! ಅಜ್ಜ ಆಕಾಶ ನೋಡಿ ಉಸಿರು ಬಿಟ್ಟ. ಹುಟ್ಟನ್ನು ಅವನ ಕೈಗಿಟ್ಟು, ತಾನು ಹಲಗೆಯ ಮೇಲೆ ಬೆನ್ನು ತಿರುಗಿಸಿ ಕೂತ.

“ಹರಿಗೋಲು ತೂತೈತಿ ಅಂತಾರ. ಅಂಬಿಗನ್ನ ನಂಬತಾರ.”